ನೀರಿಗಿಳಿಯೋ ಮುಂಚೆ ಕೇಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬ ಮುಗೀತು, ಮಳೆ ಸ್ವಲ್ಪ ಬಿಡುವು ಕೊಟ್ಟಿದೆ, ದಸರಾ ರಜೆ ಮುಂದಿದೆ. ಹಾಗಾಗಿ ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ಹೆಚ್ಚುಕಮ್ಮಿ ಹೊಳೆ, ಬೋಟು, ಗಾಳಿ ತುಂಬಿದ ರಬ್ಬರ್ ದೋಣೀಲಿ ಜೋರು ನೀರಲ್ಲಿ ಹೋಗೋ ರ‍್ಯಾಫ್ಟಿಂಗ್ ಬಗ್ಗೇನೇ ಇದೆ. ಹೊಳೆ ದಡದಲ್ಲೇ ಕೆಲಸ ಮಾಡ್ಕೊಂಡು ಬಂದವನು ನಾನು, ಈ ವಿಷಯ ಎಷ್ಟು ಹೇಳಿದ್ರೂ ನಂಗೆ ಸಾಕು ಅನ್ಸಲ್ಲ. ಯಾಕಂದ್ರೆ ನೀರಲ್ಲಿ ಆಗೋ ಅನಾಹುತಗಳಲ್ಲಿ ಹೆಚ್ಚಿನವು ದಡದಲ್ಲಿ ಇರುವಾಗ್ಲೇ ತಪ್ಪಿಸಬಹುದಾಗಿದ್ದವು. ಜಾಕೆಟ್ ಬಕಲ್ ಹಾಕೋದು, ಜನ ಜಾಸ್ತಿ ಅಂದ್ರೆ ಮುಂದಿನ ಬೋಟಿಗೆ ಕಾಯೋದು, ಇವತ್ತು ಬೇಡ ಅಂತ ವಾಪಸ್ ಹೋಗೋದು, ಇದೆಲ್ಲ ಕಾಲು ನೆಲದ ಮೇಲಿರುವಾಗ ಮಾಡೋ ಕೆಲಸ. ನೀರಿಗೆ ಬಿದ್ದ ಮೇಲೆ ಯೋಚನೆ ಮಾಡೋಕೆ ಟೈಮ್ ಸಿಗಲ್ಲ.

ಪ್ರಶ್ನೆ: ಅಣ್ಣಾ, ರಜೆಗೆ ಬೆಂಗಳೂರಿಂದ ತಂಗಿ ಮನೆಯವರು ಬರ್ತಿದ್ದಾರೆ. ಮಕ್ಕಳು ಒಂದು 5 ವರ್ಷದ್ದು, ಒಂದು 9 ವರ್ಷದ್ದು. ದುಬಾರೆ, ನಿಸರ್ಗಧಾಮ ಎರಡೂ ನೋಡ್ಬೇಕು, ಬೋಟಲ್ಲಿ ಕೂರ್ಬೇಕು ಅಂತ ಈಗ್ಲೇ ಹಠ. ಹೋದ ವರ್ಷ ಬೇರೆ ಒಂದು ಕಡೆ ಬೋಟಿಂಗ್ ಹೋದಾಗ ಚಿಕ್ಕವನಿಗೆ ಕೊಟ್ಟ ಲೈಫ್ ಜಾಕೆಟ್ ಮೊಣಕಾಲ ತನಕ ಜೋತಾಡ್ತಿತ್ತು. ಏನೋ ಒಂದು ಹಾಕಿದ್ರೆ ಸಾಕಲ್ವಾ? — ಒಬ್ಬ ತಾಯಿ, ಕುಶಾಲನಗರ

ಉತ್ತರ: ಸಾಕಾಗಲ್ಲ ಅಕ್ಕ. ದೊಡ್ಡ ಜಾಕೆಟ್ ಹಾಕಿದ ಮಗು ನೀರಿಗೆ ಬಿದ್ರೆ ಜಾಕೆಟ್ ಮಾತ್ರ ಮೇಲೆ ತೇಲತ್ತೆ, ಮಗು ಅದರೊಳಗಿಂದ ಕೆಳಗೆ ಜಾರತ್ತೆ, ತಲೆ ಜಾಕೆಟ್ ಒಳಗೆ ಸಿಕ್ಕಾಕೊಳ್ಳತ್ತೆ. ಪರೀಕ್ಷೆ ಮಾಡೋದು ಬಹಳ ಸುಲಭ. ಜಾಕೆಟ್ ಹಾಕಿ, ಎಲ್ಲಾ ಬಕಲ್, ಜಿಪ್, ದಾರ ಕಟ್ಟಿ, ಮಗೂಗೆ ಎರಡೂ ಕೈ ಮೇಲೆತ್ತೋಕೆ ಹೇಳಿ, ಆಮೇಲೆ ಜಾಕೆಟ್‌ನ ಎರಡು ಭುಜದ ಪಟ್ಟಿ ಹಿಡಿದು ನೀವೇ ಮೇಲಕ್ಕೆ ಎಳೀರಿ. ಅದು ಗಲ್ಲ ದಾಟಿ ಕಿವಿ ತನಕ ಬಂತು ಅಂದ್ರೆ ಅಳತೆ ದೊಡ್ಡದು, ಬೇರೆ ಕೇಳಿ. ಚಿಕ್ಕ ಮಕ್ಕಳ ಜಾಕೆಟ್‌ಗೆ ತೊಡೆ ಸಂದಿಯಿಂದ ಹಾದು ಮುಂದೆ ಸಿಕ್ಕಿಸೋ ಒಂದು ಪಟ್ಟಿ ಇರಬೇಕು, ಅದಿದ್ರೆ ಜಾಕೆಟ್ ಮೇಲೆ ಜಾರಲ್ಲ. ಸುಮಾರು ಕಡೆ ಆ ಪಟ್ಟಿ ಇರತ್ತೆ, ಆದ್ರೆ ಅವಸರದಲ್ಲಿ ಯಾರೂ ಹಾಕಲ್ಲ, ಹಿಂದುಗಡೆ ಬಾಲದ ಥರ ನೇತಾಡ್ತಿರತ್ತೆ. ನೀವೇ ಹಾಕಿ.

ಜಾಕೆಟ್ ಒಳಗಡೆ ಲೇಬಲ್ ಇರತ್ತೆ, ಅದರಲ್ಲಿ ಎಷ್ಟು ಕೆಜಿ ತೂಕದವರಿಗೆ ಅಂತ ಬರೆದಿರತ್ತೆ, ವಯಸ್ಸಿಗಿಂತ ತೂಕ ನೋಡಿ. ಪಕ್ಕದಲ್ಲಿ 50, 100, 150 ಅಂತ ನ್ಯೂಟನ್ ಲೆಕ್ಕ ಇರಬಹುದು. ಅದು ತೇಲಿಸೋ ಶಕ್ತಿ, 100 ನ್ಯೂಟನ್ ಅಂದ್ರೆ ಸುಮಾರು 10 ಕೆಜಿ ಎತ್ತಿ ಹಿಡಿಯೋ ಬಲ. 50 ನ್ಯೂಟನ್‌ದು ಈಜು ಬರೋರಿಗೆ, ಪಕ್ಕದಲ್ಲೇ ಸಹಾಯ ಇರೋ ಜಾಗಕ್ಕೆ. ಈಜು ಬಾರದವರು 100ರದ್ದು ಕೇಳೋದು ಒಳ್ಳೇದು. ಆಮೇಲೆ ಜಾಕೆಟ್‌ನ ಕೈಲಿ ಹಿಚುಕಿ ನೋಡಿ, ಒಳಗಿನ ಫೋಮ್ ಗಟ್ಟಿಯಾಗಿ ಪುಡಿಪುಡಿ ಆಗಿದ್ರೆ, ಬಟ್ಟೆ ಹರಿದು ಒಳಗೆ ನೀರು ಕುಡಿದು ಭಾರ ಆಗಿದ್ರೆ, ಬಕಲ್ ಮುರಿದು ದಾರದಲ್ಲಿ ಗಂಟು ಹಾಕಿದ್ರೆ ಅದು ಬೇಡ. ಗಾಳಿ ತುಂಬೋ ರಿಂಗು, ತೋಳಿಗೆ ಹಾಕೋ ಬಲೂನು ಇವೆಲ್ಲ ಸ್ವಿಮ್ಮಿಂಗ್ ಪೂಲ್ ಆಟಕ್ಕೆ, ಹೊಳೆಗೆ ಅಲ್ಲ. ಮಳೆ ಹನಿ ಇದ್ರೆ ರೈನ್‌ಕೋಟ್ ಒಳಗೆ, ಜಾಕೆಟ್ ಹೊರಗೆ. ಇದನ್ನ ಉಲ್ಟಾ ಹಾಕ್ಕೊಂಡು ಬೋಟ್ ಹತ್ತೋರನ್ನ ನಮ್ಮೂರಲ್ಲೇ ನೋಡ್ತಾ ಇರ್ತೀನಿ.

ಇನ್ನೊಂದು ವಿಷಯ, ಇದು ದೊಡ್ಡವರಿಗೆ. ದುಬಾರೆಯಲ್ಲಿ ಆನೆ ನೀರಲ್ಲಿ ಮಲಗಿರೋದು ಕಂಡ ಕೂಡ್ಲೇ ಬೋಟಲ್ಲಿರೋರು ಅಷ್ಟೂ ಜನ ಮೊಬೈಲ್ ಎತ್ಕೊಂಡು ಒಂದೇ ಬದಿಗೆ ವಾಲ್ತಾರೆ. ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಬೋಟ್ ಮಗುಚಿ 45 ಜನ ಸತ್ತರಲ್ಲ, ಅವತ್ತೂ ಕಾಡುಪ್ರಾಣಿ ನೋಡೋಕೆ ಅಂತ ಜನ ಒಂದೇ ಕಡೆ ಸರಿದಿದ್ದರು, ಜೊತೆಗೆ ಬೋಟಲ್ಲಿ ಮಿತಿ ಮೀರಿ ಜನ ಇದ್ದರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆ ತಾನೂರಿನಲ್ಲಿ ಸಂಜೆ ಹೊತ್ತಲ್ಲಿ ಓವರ್‌ಲೋಡ್ ಆದ ಬೋಟ್ ಮುಳುಗಿ 22 ಜನ ಹೋದರು, ಅದರಲ್ಲಿ ಮಕ್ಕಳೇ ಹೆಚ್ಚು. ಎರಡೂ ನಮ್ಮ ಪಕ್ಕದ ರಾಜ್ಯದ್ದೇ. ಅದಕ್ಕೇ ಹೇಳೋದು, ಬೋಟ್ ಹತ್ತೋಕೆ ಮುಂಚೆ ಎಷ್ಟು ಜನಕ್ಕೆ ಪರ್ಮಿಷನ್ ಇದೆ ಅಂತ ಕೇಳಿ, ಜನ ಜಾಸ್ತಿ ಅಂತ ಕಂಡ್ರೆ ಮುಂದಿನದಕ್ಕೆ ಕಾಯ್ತೀವಿ ಅನ್ನಿ, ಹತ್ತು ನಿಮಿಷ ಲೇಟ್ ಆದ್ರೆ ಏನೂ ನಷ್ಟ ಇಲ್ಲ. ಕೂತ ಮೇಲೆ ಎದ್ದು ನಿಲ್ಲಬೇಡಿ. ಫೋಟೋ ಬೇಕಾದ್ರೆ ಬೋಟಿನವರನ್ನೇ ತಿರುಗಿಸೋಕೆ ಹೇಳಿ, ತಿರುಗಿಸ್ತಾರೆ. 5 ವರ್ಷದವನು ನಿಮ್ಮ ಕೈಗೆ ಸಿಗೋ ದೂರದಲ್ಲೇ ಇರಲಿ, ಆದ್ರೆ ಅವನನ್ನ ನಿಮ್ಮ ಜಾಕೆಟ್ ಒಳಗೆ ಸೇರಿಸಿ ಕಟ್ಟಬೇಡಿ. ಸೀರೆ ಉಟ್ಟವರು ಸೆರಗು ಬಿಗಿಯಾಗಿ ಸಿಕ್ಕಿಸ್ಕೊಳ್ಳಿ, ಆದ್ರೆ ಚೂಡಿದಾರ್ ಹಾಕಿ ವೇಲ್ ತೆಗೆದಿಟ್ಟು ಬಂದ್ರೆ ಇನ್ನೂ ಒಳ್ಳೇದು.

ಪ್ರಶ್ನೆ: ಸರ್, ನಾವು ಕಾಲೇಜ್ ಫ್ರೆಂಡ್ಸ್ ಬರಪೊಳೆ ರ‍್ಯಾಫ್ಟಿಂಗ್ ಹೋಗ್ತಿದ್ದೀವಿ. ನಂಗೆ ಚೆನ್ನಾಗಿ ಈಜು ಬರತ್ತೆ, ಊರಿನ ಕೆರೆಯಲ್ಲಿ ಈ ದಡದಿಂದ ಆ ದಡ ಹೋಗಿ ಬರ್ತೀನಿ. ರ‍್ಯಾಫ್ಟಿಂದ ಬಿದ್ರೆ ಈಜ್ಕೊಂಡು ದಡ ಸೇರೋದು ತಾನೇ? — ವಿರಾಜಪೇಟೆ

ಉತ್ತರ: ತಮ್ಮಾ, ಈಜು ಬರೋದು ಒಳ್ಳೇದು, ಆದ್ರೆ ಕೆರೆ ಈಜು ಬೇರೆ, ಹೊಳೆ ಈಜು ಬೇರೆ. ಬರಪೊಳೆ ಬ್ರಹ್ಮಗಿರಿ ಸೀಮೆಯಿಂದ ಇಳಿದು ಕೇರಳದ ಕಡೆ ಓಡೋ ನೀರು, ಮಳೆಗಾಲದಲ್ಲಿ ಅದರಲ್ಲಿ ನೀರು ಬಂಡೆ ನಡುವೆ ನುಗ್ಗೋ ಜಾಗಗಳು, ಅಂದ್ರೆ ರ‍್ಯಾಪಿಡ್‌ಗಳು 3, 4ನೇ ದರ್ಜೆ ತನಕ ಹೋಗ್ತವೆ, ದರ್ಜೆ ಲೆಕ್ಕ ಇರೋದೇ 1ರಿಂದ 6ರ ತನಕ. ದುಬಾರೆ ಕಡೆ ಕಾವೇರಿ ಅದಕ್ಕೆ ಹೋಲಿಸಿದ್ರೆ ಸಮಾಧಾನದ ನೀರು. ಮೊದಲ ಸಲ ಹೋಗೋರು ದುಬಾರೆಯಲ್ಲಿ ಶುರು ಮಾಡಿ ಆಮೇಲೆ ಬರಪೊಳೆಗೆ ಹೋದ್ರೆ ಅರ್ಧ ವಿಷಯ ಮೈಗೆ ಬಂದಿರತ್ತೆ ಅಂತ ನನ್ನ ಅಭಿಪ್ರಾಯ.

ಈಗ ಬಿದ್ದ ಮೇಲೆ ಏನು ಅನ್ನೋದು. ಬೆನ್ನ ಮೇಲೆ ಮಲಗು, ಕಾಲು ನೀರು ಹೋಗೋ ದಿಕ್ಕಿಗೆ, ಎರಡೂ ಪಾದ ಜೋಡಿಸಿ ಹೆಬ್ಬೆರಳು ನೀರಿನ ಮೇಲೆ ಕಾಣೋ ಹಾಗೆ. ಬಂಡೆ ಬಂದ್ರೆ ಮೊದಲು ಪಾದ ತಾಗಬೇಕು, ತಲೆ ಅಲ್ಲ. ಹಾಗೆ ಮಲಗಿದ್ದೇ ಕೈ ಹಿಂದಕ್ಕೆ ಬೀಸಿ ಓರೆಯಾಗಿ ದಡದ ಕಡೆ ಸರೀತಾ ಹೋಗು, ನೀರಿಗೆ ಎದುರಾಗಿ ಈಜೋಕೆ ಹೋಗಬೇಡ, ಸುಸ್ತಾಗೋದು ಬಿಟ್ರೆ ಏನೂ ಸಿಗಲ್ಲ. ಎಲ್ಲಕ್ಕಿಂತ ಮುಖ್ಯ, ಓಡೋ ನೀರಲ್ಲಿ ನಿಲ್ಲೋಕೆ ಪ್ರಯತ್ನ ಮಾಡಬೇಡ. ಸೊಂಟದ ಮಟ್ಟ ನೀರಿದೆ ಅಂತ ಕಾಲು ಊರಿದ್ರೆ ಪಾದ ಎರಡು ಕಲ್ಲಿನ ಸಂದಿಗೆ ಹೋಗಿ ಸಿಕ್ಕತ್ತೆ, ಹಿಂದಿಂದ ನೀರು ಬೆನ್ನಿಗೆ ತಳ್ಳತ್ತೆ, ಮುಖ ಕೆಳಗಾಗಿ ಬಗ್ಗಿ ಬಿಡ್ತೀಯ, ಆಮೇಲೆ ಜಾಕೆಟ್ ಇದ್ರೂ ಏಳೋಕಾಗಲ್ಲ. ಎಷ್ಟೋ ಒಳ್ಳೆ ಈಜುಗಾರರು ಹೀಗೇ ಹೋಗಿರೋದು. ಮಲಗಿದ್ದಾಗ ಕೈ ಬೆರಳು ತಳಕ್ಕೆ ತಾಗೋವಷ್ಟು ನೀರು ಕಮ್ಮಿಯಾದ ಮೇಲೆ ಮಾತ್ರ ಏಳು.

ನಮ್ಮ ಕಡೆ ಹೊಳೆಗಳಲ್ಲಿ ಇನ್ನೊಂದು ಅಪಾಯ ಬಿದಿರು. ಮಳೆಗೆ ದಡದ ಬಿದಿರು ಮೆಳೆ, ಮರ ನೀರಿಗೆ ಬಾಗಿ ಬಿದ್ದಿರತ್ತೆ, ನೀರು ಅದರ ಸಂದಿಯಲ್ಲಿ ತೂರಿ ಹೋಗತ್ತೆ, ಮನುಷ್ಯ ಅಲ್ಲೇ ಸಿಕ್ಕಾಕೊಳ್ತಾನೆ. ದೂರದಿಂದ ಕಂಡ್ರೆ ಎಷ್ಟು ಜೋರಾಗಿ ಆಗತ್ತೋ ಅಷ್ಟು ಜೋರಾಗಿ ಈಜಿ ತಪ್ಪಿಸ್ಕೊ. ತಪ್ಪಿಸೋಕೆ ಆಗಲ್ಲ ಅಂತ ಗೊತ್ತಾದ್ರೆ ಅಲ್ಲಿ ಮಾತ್ರ ಮಲಗಿದ ಭಂಗಿ ಬಿಡು, ಬೋರಲಾಗಿ ತಲೆ ಮುಂದೆ ಮಾಡಿ ಅದರ ಕಡೆಗೇ ಈಜಿ, ತಾಗೋ ಹೊತ್ತಿಗೆ ಎರಡೂ ಕೈಲಿ ಒತ್ತಿ ಅದರ ಮೇಲೆ ಹತ್ತಿ ಬಿಡು. ರ‍್ಯಾಫ್ಟ್ ಅಡಿಗೆ ಹೋದ್ರೆ ಗಾಬರಿ ಬೇಡ, ಅಂಗೈಲಿ ರ‍್ಯಾಫ್ಟ್ ತಳ ಒತ್ಕೊಂಡು ಒಂದೇ ದಿಕ್ಕಿಗೆ ನಡ್ಕೊಂಡು ಬಾ, ಅಂಚು ಸಿಗತ್ತೆ. ದಡದಿಂದ ಹಗ್ಗ ತುಂಬಿದ ಚೀಲ ಎಸೆದ್ರೆ ಹಗ್ಗ ಹಿಡಿ, ಚೀಲ ಅಲ್ಲ, ಕೈಗೆ ಸುತ್ಕೋಬೇಡ, ಎದೆ ಹತ್ತಿರ ಹಿಡ್ಕೊಂಡು ಬೆನ್ನ ಮೇಲೆ ಮಲಗಿದ್ರೆ ಅವರೇ ದಡಕ್ಕೆ ಎಳ್ಕೊತಾರೆ.

ಹೊರಡೋ ಮುಂಚೆ ಗೈಡ್ ಫಾರ್ವರ್ಡ್, ಬ್ಯಾಕ್, ಸ್ಟಾಪ್, ಗೆಟ್ ಡೌನ್ (ದೋಣಿ ಒಳಗೇ ಕೆಳಗೆ ಕೂರೋದು) ಅಂತ ಹೇಳಿಕೊಡ್ತಾನೆ. ಅದನ್ನ ದಡದಲ್ಲಿ ಒಂದ್ಸಲ ಮಾಡಿಸದೆ ನೀರಿಗೆ ಇಳಿಸಿದ್ರೆ, ಹೆಲ್ಮೆಟ್ ಇಲ್ಲ ಅಂದ್ರೆ, ಆ ಟ್ರಿಪ್ ಬಿಟ್ಟುಬಿಡಿ, ದುಡ್ಡು ಹೋದ್ರೆ ಹೋಗ್ಲಿ. ಹೆಲ್ಮೆಟ್ ಗಲ್ಲದ ಪಟ್ಟಿ ಬಿಗಿ ಇರಲಿ. ಪ್ಯಾಡಲ್‌ನ ಮೇಲಿನ ಹಿಡಿ ಯಾವಾಗ್ಲೂ ಅಂಗೈ ಒಳಗೇ ಇರಬೇಕು, ಅದು ಬಿಟ್ಟುಕೊಟ್ರೆ ಪಕ್ಕದವನ ಹಲ್ಲು ಹೋಗತ್ತೆ. ಕಾಲಿಗೆ ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಅಥವಾ ಹಳೇ ಶೂ ಹಾಕಿ. ಗಮ್‌ಬೂಟ್ ಮಾತ್ರ ಬೇಡವೇ ಬೇಡ, ತೋಟದಲ್ಲಿ ಅದು ಜಿಗಣೆ, ಹಾವಿಗೆ ಒಳ್ಳೇದು, ನೀರಲ್ಲಿ ತುಂಬ್ಕೊಂಡ್ರೆ ಕಾಲು ಆಡ್ಸೋಕೆ ಬಿಡಲ್ಲ, ದಡ ಹತ್ತೋವಾಗ ಕಲ್ಲು ಕಟ್ಟಿದ ಹಾಗೆ ಎಳೀತದೆ.

ಪ್ರಶ್ನೆ: ಹೊಳೆ ಹತ್ರ ಹೋಗುವಾಗ ಫ್ರೆಂಡ್ಸ್ ಬಿಯರ್ ತಗೊಂಡು ಬರ್ತಾರೆ, ಬಿಯರ್ ತಾನೆ, ಏನಾಗತ್ತೆ? — ಸೋಮವಾರಪೇಟೆ

ಉತ್ತರ: ಬ್ಯಾಲೆನ್ಸ್ ಹೋಗತ್ತೆ, ಧೈರ್ಯ ಇಲ್ಲದ ಜಾಗದಲ್ಲಿ ಧೈರ್ಯ ಬರತ್ತೆ, ತಣ್ಣೀರಲ್ಲಿ ಮೈ ಬೇಗ ತಣ್ಣಗಾಗತ್ತೆ. ನೀರಿಗೆ ಇಳಿಯೋ ದಿನ ಕುಡಿಯೋದು ಬೇಡ, ಕುಡಿದವನನ್ನ ನೀರಿಗೆ ಬಿಡೋದೂ ಬೇಡ. ಬಂಡೆ ಮೇಲೆ ಬಾಟಲಿ ಒಡೆದು ಹೋಗೋದಂತೂ ಮಹಾಪಾಪ, ಅಲ್ಲಿ ನಾಳೆ ಬರಿಗಾಲಲ್ಲಿ ಮಕ್ಕಳು ಇಳೀತಾರೆ.

ಪ್ರಶ್ನೆ: ನಮಸ್ಕಾರ. ನಮ್ಮದು ತೋಟದ ಮಧ್ಯೆ ಸಣ್ಣ ಹೋಂಸ್ಟೇ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯೋಕೆ ಅಂತ ತೋಡಿಸಿದ ಕೆರೆ ಇದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಶೀಟ್ ಹಾಸಿದ ಹೊಂಡ ಒಂದಿದೆ. ಗೆಸ್ಟ್‌ಗಳಿಗೆ ಅಂತ ಕೆರೆಗೆ ಒಂದು ಕಯಾಕ್ (ಒಬ್ಬಿಬ್ಬರು ಕೂರೋ ಸಣ್ಣ ದೋಣಿ), ಒಂದು ಹರಿಗೋಲು ಬಿಡೋಣ ಅಂತ ಮಗ ಹೇಳ್ತಿದ್ದಾನೆ. ಏನೇನು ಇಟ್ಕೋಬೇಕು? — ಸುಂಟಿಕೊಪ್ಪ

ಉತ್ತರ: ಮೊದಲು ಕೇಳಿದ್ರಲ್ಲ, ತುಂಬಾ ಸಂತೋಷ ಆಯ್ತು. ಬೋಟ್ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದಲು ಆ ಶೀಟ್ ಹಾಸಿದ ಹೊಂಡ. ನನ್ನ ಲೆಕ್ಕದಲ್ಲಿ ಹೊಳೆಗಿಂತ ಮೋಸದ ಜಾಗ ಅದು. ನೋಡೋಕೆ ಶಾಂತ, ತಿಳಿನೀರು, ಆದ್ರೆ ಇಳಿಜಾರಿನ ಶೀಟ್ ಮೇಲೆ ಪಾಚಿ ಕಟ್ಟಿದ ಮೇಲೆ ಒದ್ದೆ ಕಾಲಲ್ಲಿ ದೊಡ್ಡ ಗಂಡಸೂ ಹತ್ತಿ ಬರೋಕಾಗಲ್ಲ, ಕೈ ಹಿಡಿಯೋಕೆ ಒಂದು ಹುಲ್ಲುಕಡ್ಡಿ ಸಿಗಲ್ಲ. ಮಗು ಬಿತ್ತು ಅಂತ ಅಪ್ಪ ಇಳಿದು, ಅಪ್ಪನೂ ಬರಲಿಲ್ಲ ಅಂತ ಮಾವ ಇಳಿದು, ಹೀಗೆ ಒಂದೇ ಮನೆಯವರು ಒಬ್ಬರ ಹಿಂದೆ ಒಬ್ಬರು ಹೋಗೋದು ಇಂಥ ಜಾಗದಲ್ಲೇ. ಇವತ್ತೇ ಮಾಡಿ: ನಾಲ್ಕೂ ಬದಿಯಲ್ಲಿ ದಪ್ಪ ನೈಲಾನ್ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ಒಂದು ತುದಿ ಮೇಲೆ ಗಟ್ಟಿ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿ ನೀರೊಳಗೆ ತಳದ ತನಕ ಇಳಿಬಿಡಿ. ಹಳೇ ಟೈರ್‌ಗಳನ್ನ ಏಣಿ ಥರ ಕಟ್ಟಿ ಒಂದು ಕಡೆ ಇಳಿಬಿಟ್ರೆ ಇನ್ನೂ ಉತ್ತಮ. ಗಾಳಿ ತುಂಬಿದ ಲಾರಿ ಟ್ಯೂಬ್ ಒಂದಕ್ಕೆ ಉದ್ದ ಹಗ್ಗ ಕಟ್ಟಿ ಕೈಗೆ ಸಿಗೋ ಹಾಗೆ ನೇತುಹಾಕಿ. ಸುತ್ತ ಬೇಲಿ, ಗೇಟು, ಗೇಟಿಗೆ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಚಿಲಕ. ಗೆಸ್ಟ್ ಮಕ್ಕಳ ಬಗ್ಗೆ ಮಾತ್ರ ಅಲ್ಲ, ತೋಟದ ಕೆಲಸದವರ ಲೈನ್ ಮನೆ ಮಕ್ಕಳು ದಿನಾ ಅದೇ ದಾರೀಲಿ ಓಡಾಡ್ತವೆ, ಅಪ್ಪ ಅಮ್ಮ ಕೆಲಸಕ್ಕೆ ಹೋಗಿರ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದ ಪ್ರಕಾರ 2021ರಲ್ಲಿ ಜಗತ್ತಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತಿದ್ದಾರೆ, ಅದರಲ್ಲಿ ಹತ್ತಿರ ಹತ್ತಿರ ಕಾಲುಭಾಗ 5 ವರ್ಷದೊಳಗಿನ ಮಕ್ಕಳು. ಅಷ್ಟು ಚಿಕ್ಕ ಮಕ್ಕಳು ಬೋಟಿಂಗ್ ಹೋಗಿ ಸಾಯೋದು ಕಮ್ಮಿ, ಮನೆ ಹತ್ತಿರದ ಇಂಥ ನೀರಲ್ಲೇ ಜಾಸ್ತಿ.

ಎರಡನೇದು ಕರೆಂಟು. ಕೆರೆಯಲ್ಲಿ ಮೋಟರ್ ಇದ್ಯಲ್ಲ, ಅದರ ವೈರ್ ಎಲ್ಲಾದ್ರೂ ಸುಲಿದು ಟೇಪ್ ಸುತ್ತಿದ್ರೆ ಆ ನೀರಿಗೆ ಯಾರೂ ಇಳಿಯೋ ಹಾಗಿಲ್ಲ. ಸ್ಟಾರ್ಟರ್ ಬೋರ್ಡಿಗೆ ಕರೆಂಟ್ ಲೀಕ್ ಆದ ಕೂಡ್ಲೇ ಲೈನ್ ಕಟ್ ಮಾಡೋ ಬ್ರೇಕರ್ ಎಲೆಕ್ಟ್ರಿಷಿಯನ್ ಹತ್ರ ಹಾಕಿಸಿ, ಅರ್ಥಿಂಗ್ ನೋಡಿಸಿ, ಮತ್ತೆ ಗೆಸ್ಟ್ ನೀರಲ್ಲಿರೋ ಹೊತ್ತಿಗೆ ಮೋಟರ್ ಮೇನ್ ಆಫ್ ಮಾಡಿ ಫ್ಯೂಸ್ ತೆಗೆದು ಜೇಬಲ್ಲಿಟ್ಕೊಳ್ಳಿ. ಪೈಪ್ ನೀರು ಎಳ್ಕೊಳ್ಳೋ ಬಾಯಿ ಹತ್ತಿರ ಯಾರನ್ನೂ ಬಿಡಬೇಡಿ.

ಈಗ ಬೋಟು. ಹರಿಗೋಲು ದುಂಡಗೆ, ಅಡಿ ಚಪ್ಪಟೆ, ಗಾಳಿ ಬಂದ್ರೆ ತಿರುಗತ್ತೆ, ಒಬ್ಬ ಎದ್ದು ನಿಂತ್ರೆ ವಾಲತ್ತೆ. ಹುಟ್ಟು ಹಾಕೋಕೆ ಬರೋ ನಿಮ್ಮ ಆಳು ಒಬ್ಬ ಅದರಲ್ಲಿ ಇರಲೇಬೇಕು, ಗೆಸ್ಟ್ ಕೈಗೆ ಹುಟ್ಟು ಕೊಟ್ಟು ಕಳಿಸೋದು ಬೇಡ, ಮಜಾ ಬರ್ಲಿ ಅಂತ ಗರಗರ ತಿರುಗಿಸೋದೂ ಬೇಡ. ಎಲ್ರೂ ನಡುವಿಗೆ ಹತ್ತಿರ ಕೆಳಗೆ ಕೂರಬೇಕು. ಎರಡಕ್ಕೂ ಜಾಕೆಟ್ ಕಡ್ಡಾಯ, ದೊಡ್ಡವರ ಅಳತೆ ಮಾತ್ರ ಅಲ್ಲ, ಮಕ್ಕಳದ್ದೂ ತರಿಸಿ, ಬಿಸಿಲಲ್ಲಿ ಒಣಹಾಕಿ ಬಿಡಬೇಡಿ, ನೆರಳಲ್ಲಿ ನೇತುಹಾಕಿ. ಬೋಟಿಂಗ್ ನಡೆಯೋ ಹೊತ್ತಿಗೆ ದಡದಲ್ಲಿ ಒಬ್ಬ ಸುಮ್ಮನೆ ನೋಡ್ತಾ ಇರಬೇಕು, ಅದೇ ಅವನ ಕೆಲಸ, ಮೊಬೈಲ್ ನೋಡೋ ಹಾಗಿಲ್ಲ. ಸಂಜೆ ಬೆಳಕು ಕಮ್ಮಿ ಆಗೋ ಮುಂಚೆ ಬೋಟ್ ದಡಕ್ಕೆ ಎಳೆದು ಸರಪಳಿ ಹಾಕಿ ಬೀಗ. ರಾತ್ರಿ ಗೆಸ್ಟ್‌ಗಳು ಕ್ಯಾಂಪ್‌ಫೈರ್ ಮುಗಿಸಿ ಬೋಟ್ ಬಿಚ್ಕೊಂಡು ಹೋಗೋದು ಉಂಟು. ಪರ್ಮಿಷನ್, ಇನ್ಶೂರೆನ್ಸ್ ಬಗ್ಗೆ ಪಂಚಾಯ್ತಿ, ಪ್ರವಾಸೋದ್ಯಮ ಇಲಾಖೆಯಲ್ಲಿ ಬರವಣಿಗೆಯಲ್ಲೇ ಕೇಳ್ಕೊಳ್ಳಿ.

ಪ್ರಶ್ನೆ: ಕುಶಾಲನಗರ ಕಡೆ ಬಿಸಿಲಿರತ್ತೆ, ಪ್ರವಾಸಿಗರು ಹೊಳೆ ಮಧ್ಯದ ಬಂಡೆ ಮೇಲೆ ಹೋಗಿ ಕೂತಿರ್ತಾರೆ, ನಾವು ಎದ್ದು ಬನ್ನಿ ಅಂದ್ರೆ ನಗ್ತಾರೆ. ಅವರಿಗೆ ಅರ್ಥ ಆಗೋ ಹಾಗೆ ಹೇಗೆ ಹೇಳೋದು? — ಹಿರಿಯ ಓದುಗರು, ನಾಪೋಕ್ಲು

ಉತ್ತರ: ಅಂಕಲ್, ನಿಮಗೆ ಗೊತ್ತಿರೋದನ್ನೇ ಅವರಿಗಾಗಿ ಬರೀತೀನಿ. ಕೊಡಗಿನ ಪಶ್ಚಿಮಕ್ಕೆ ಬೀಳೋ ಮಳೆಗೂ ಪೂರ್ವದ ಕುಶಾಲನಗರದ ಮಳೆಗೂ ಹೋಲಿಕೆ ಇಲ್ಲ. ಭಾಗಮಂಡಲ, ತಲಕಾವೇರಿ ಕಡೆ ರಾತ್ರಿಯಿಡೀ ಹೊಡೆದ ಮಳೆ ಕೆಳಗೆ ದುಬಾರೆ, ಕುಶಾಲನಗರಕ್ಕೆ ಹೊಳೆಯಾಗಿ ಬರೋಕೆ ಗಂಟೆಗಳು ಹಿಡೀತದೆ, ಬರೋ ಹೊತ್ತಿಗೆ ಕೆಳಗೆ ಬಿಸಿಲು ಕಾಯ್ತಿರತ್ತೆ. ಅದಕ್ಕೇ ತಲೆ ಮೇಲಿನ ಆಕಾಶ ನೋಡಿ ಹೊಳೆ ಅಳೀಬಾರದು, ಬೆಟ್ಟದ ಕಡೆ ನೋಡಬೇಕು, ಮೇಲಿನ ಊರಿನವರಿಗೆ ಒಂದು ಫೋನ್ ಮಾಡಬೇಕು. ಹಾರಂಗಿ ಕೆಳಗೆ ಕೂಡಿಗೆ ಕಡೆ ಇನ್ನೊಂದು ಸಂಗತಿ, ಅಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ರೆ ಮಳೆಯೇ ಇಲ್ಲದ ದಿನವೂ ಮಟ್ಟ ಏರತ್ತೆ.

ನೀರು ಏರೋ ಮುಂಚೆ ಗುರುತು ಕೊಡತ್ತೆ. ತಿಳಿ ಇದ್ದದ್ದು ಕೆಂಪಾಗಿ ಕದಡತ್ತೆ, ಎಲೆ, ಕಡ್ಡಿ, ನೊರೆ ತೇಲ್ಕೊಂಡು ಬರೋಕೆ ಶುರುವಾಗತ್ತೆ, ಹೊಳೆ ಸದ್ದು ಬದಲಾಗತ್ತೆ. ಬಂದ ಕೂಡ್ಲೇ ನೀರಂಚಿಗೆ ಒಂದು ಕೋಲು ನೆಟ್ಟು ಕೂರೋಕೆ ಹೇಳಿ, ಐದ್ಹತ್ತು ನಿಮಿಷಕ್ಕೊಮ್ಮೆ ಅದರ ಕಡೆ ನೋಡಲಿ, ನೀರು ಕೋಲು ದಾಟಿದ್ರೆ ಚಪ್ಪಲಿ, ಬ್ಯಾಗ್ ಹುಡುಕ್ತಾ ನಿಲ್ಲದೆ ಎದ್ದು ಬರಬೇಕು. ನೀರಿನ ವೇಗ ಎರಡರಷ್ಟಾದ್ರೆ ಅದು ಕಾಲಿಗೆ ತಳ್ಳೋ ಬಲ ನಾಲ್ಕರಷ್ಟಾಗತ್ತೆ, ಹೋಗುವಾಗ ದಾಟಿದ ಮೊಣಕಾಲು ನೀರು ಬರುವಾಗ ದಾಟೋಕೆ ಬಿಡಲ್ಲ. ಈಗಾಗ್ಲೇ ಸಿಕ್ಕಾಕೊಂಡಿದ್ರೆ ಬಂಡೆಯ ಎತ್ತರದ ಜಾಗದಲ್ಲೇ ಇರಲಿ, ನೀರಿಗೆ ಹಾರೋದು ಬೇಡ, 112ಕ್ಕೋ ಅಗ್ನಿಶಾಮಕದ 101ಕ್ಕೋ ಫೋನ್ ಮಾಡಿ. ಹಿನ್ನೀರಿನ ಬಗ್ಗೆಯೂ ಹೇಳಿಬಿಡಿ, ಹಾರಂಗಿ, ಚಿಕ್ಲಿಹೊಳೆ ಹಿನ್ನೀರಲ್ಲಿ ದಡದಿಂದ ನಾಲ್ಕು ಹೆಜ್ಜೆ ಮೊಣಕಾಲು ಮಟ್ಟ ಇದ್ದು ಐದನೇ ಹೆಜ್ಜೆಗೆ ಆಳ ಸಿಗಬಹುದು, ತಳದಲ್ಲಿ ಕೆಸರು, ಮರದ ಬೊಡ್ಡೆ ಇರತ್ತೆ. ಅವರು ನಕ್ಕರೂ ಹೇಳೋದು ನಿಲ್ಲಿಸಬೇಡಿ ಅಂಕಲ್, ಹತ್ತು ಜನರಲ್ಲಿ ಒಬ್ಬ ಎದ್ದು ಬಂದ್ರೆ ಉಳಿದವರೂ ಬರ್ತಾರೆ.

ಪ್ರಶ್ನೆ: ಸರ್, ನಾನು ಟೂರಿಸ್ಟ್ ಜೀಪ್ ಓಡಿಸ್ತೀನಿ. ಒಂದ್ಸಲ ಒಂದು ಹುಡುಗನ್ನ ನೀರಿಂದ ಎತ್ತಿದಾಗ ಜನ ಹೊಟ್ಟೆ ಒತ್ತಿ, ಕಾಲು ಹಿಡಿದು ತಲೆಕೆಳಗೆ ಮಾಡಿದ್ರು. ನಂಗೆ ಏನು ಮಾಡ್ಬೇಕೋ ಗೊತ್ತಾಗ್ಲಿಲ್ಲ. ಸರಿಯಾದ್ದು ಏನು? — ಮಡಿಕೇರಿ

ಉತ್ತರ: ಅಣ್ಣಾ, ಈ ಉತ್ತರ ನಿಮ್ಮ ಸ್ಟ್ಯಾಂಡಿನ ಎಲ್ಲಾ ಡ್ರೈವರ್‌ಗಳಿಗೂ ಓದಿ ಹೇಳಿ, ಟೂರಿಸ್ಟ್ ಜೊತೆ ಮೊದಲು ಇರೋರು ನೀವೇ.

ಮುಳುಗ್ತಿರೋನು ಸಿನಿಮಾದಲ್ಲಿ ಹಾಗೆ ಕೂಗಲ್ಲ, ಕೈ ಬೀಸಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗ್ತಿರತ್ತೆ, ತಲೆ ಹಿಂದಕ್ಕೆ ವಾಲಿರತ್ತೆ, ಕೈ ಪಕ್ಕಕ್ಕೆ ಚಾಚಿ ನೀರು ಕೆಳಗೆ ಒತ್ತುತ್ತಿರ್ತಾನೆ, ಮೈ ನೆಟ್ಟಗೆ ನಿಂತ ಹಾಗಿರತ್ತೆ. ಒಂದು ಸದ್ದಿಲ್ಲ. ಹೀಗೆ 20ರಿಂದ 60 ಸೆಕೆಂಡ್ ಅಷ್ಟೇ, ಆಮೇಲೆ ಒಳಗೆ ಹೋಗ್ತಾನೆ. ಆಟ ಆಡ್ತಿದ್ದ ಮಗು ದಿಢೀರ್ ಸುಮ್ಮನಾದ್ರೆ ಅದೇ ಮೊದಲ ಸೂಚನೆ. ಕಂಡ ಕೂಡ್ಲೇ ನೀವು ಹಾರಬೇಡಿ, ಅವನು ನಿಮ್ಮ ತಲೆ ಮೇಲೆ ಹತ್ತಿ ಇಬ್ಬರೂ ಹೋಗ್ತೀರ. ದಡದಲ್ಲಿ ಬೋರಲಾಗಿ ಮಲಗಿ ಬಿದಿರು ಗಳ ಚಾಚಿ, ಪಂಚೆ, ಸೀರೆ, ಜೀಪಿನ ಹಗ್ಗ ಎಸೀರಿ. ಇನ್ನೊಂದು ಗುಟ್ಟು, 20 ಲೀಟರ್ ನೀರಿನ ಖಾಲಿ ಕ್ಯಾನ್ ಮುಚ್ಚಳ ಗಟ್ಟಿ ಹಾಕಿ ಎಸೆದ್ರೆ ಒಬ್ಬ ದೊಡ್ಡವನನ್ನ ಆರಾಮಾಗಿ ತೇಲಿಸತ್ತೆ. ಜೀಪಲ್ಲಿ ಒಂದು ಉದ್ದ ಹಗ್ಗ, ಒಂದು ಖಾಲಿ ಕ್ಯಾನ್ ಯಾವಾಗ್ಲೂ ಇಟ್ಕೊಳ್ಳಿ, ಖರ್ಚು ಏನೂ ಇಲ್ಲ.

ಎತ್ತಿದ ಮೇಲೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹೊಟ್ಟೆ ಒತ್ತೋದು, ತಲೆಕೆಳಗೆ ಮಾಡೋದು, ಹೆಗಲ ಮೇಲೆ ಹಾಕಿ ಓಡೋದು ಎಲ್ಲಾ ಬಿಡಿ. ಹೊಟ್ಟೇಲಿರೋ ನೀರು ಹೊರಗೆ ಬಂದು ಅವನು ಬದುಕಲ್ಲ, ಅದೇ ಬಾಯಿಗೆ ಬಂದು ಶ್ವಾಸಕ್ಕೆ ಹೋಗತ್ತೆ, ಅಮೂಲ್ಯ ನಿಮಿಷ ಹಾಳಾಗತ್ತೆ. ಅವನಿಗೆ ಬೇಕಿರೋದು ಗಾಳಿ. ಭುಜ ತಟ್ಟಿ ಕೂಗಿ, ಎದೆ ಏಳ್ತಿದ್ಯಾ ನೋಡಿ. ಉಸಿರಿಲ್ಲ ಅಂದ್ರೆ ಒಬ್ಬನಿಗೆ 108ಕ್ಕೋ 112ಕ್ಕೋ ಫೋನ್ ಮಾಡೋಕೆ ಹೇಳಿ, ಸಿಗ್ನಲ್ ಇಲ್ಲದಿದ್ರೆ ರಸ್ತೆಗೆ ಓಡಿಸಿ, ನೀವು ಅಲ್ಲೇ ಶುರು ಮಾಡಿ. ಹಣೆ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳೋ ಹಾಗೆ ಎರಡರಿಂದ ಐದು ಸಲ ಉಸಿರು ಕೊಡಿ. ಆಮೇಲೆ ಎದೆಯ ನಡುವೆ ಒಂದು ಅಂಗೈ ಮೇಲೆ ಇನ್ನೊಂದು ಇಟ್ಟು, ಮೊಣಕೈ ನೆಟ್ಟಗೆ ಇಟ್ಟು, ದೊಡ್ಡವರಿಗೆ 5 ಸೆಂಟಿಮೀಟರ್ ಇಳಿಯೋ ಹಾಗೆ, ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ ಇಳಿಯೋ ಹಾಗೆ 30 ಸಲ ಒತ್ತಿ, ನಿಮಿಷಕ್ಕೆ 100ರಿಂದ 120ರ ವೇಗ. ಮತ್ತೆ 2 ಉಸಿರು, ಮತ್ತೆ 30. ಬಾಯಿಂದ ನೊರೆ ಬಂದ್ರೆ ಒರೆಸ್ತಾ ಕೂರಬೇಡಿ, ವಾಂತಿ ಬಂದ್ರೆ ಮಾತ್ರ ಪಕ್ಕಕ್ಕೆ ತಿರುಗಿಸಿ ತೆಗೆದು ಮುಂದುವರಿಸಿ. ಆಂಬುಲೆನ್ಸ್ ಬರೋ ತನಕ ಇಲ್ಲಾ ಅವನು ಉಸಿರಾಡೋ ತನಕ ನಿಲ್ಲಿಸಬೇಡಿ, ಸುಸ್ತಾದ್ರೆ ಪಕ್ಕದವನು ಒತ್ತಲಿ. ಎಚ್ಚರ ಆಗಿ ಎದ್ದು ಕೂತ, ಚೆನ್ನಾಗಿದ್ದಾನೆ ಅಂತ ಮನೆಗೆ ಕಳಿಸೋದು ಬೇಡ, ಶ್ವಾಸಕೋಶಕ್ಕೆ ನೀರು ಹೋಗಿದ್ರೆ ಕೆಲವು ಗಂಟೆ ಬಿಟ್ಟು ಕೆಮ್ಮು, ಉಸಿರಾಟದ ತೊಂದ್ರೆ ಜೋರಾಗಬಹುದು, ಆಸ್ಪತ್ರೆಗೆ ಕರ್ಕೊಂಡು ಹೋಗಲೇಬೇಕು. ಓದಿ ಕಲಿಯೋದಕ್ಕಿಂತ ಗೊಂಬೆ ಮೇಲೆ ಒಂದ್ಸಲ ಒತ್ತಿ ಕಲಿಯೋದು ಮೇಲು, ನಿಮ್ಮ ಚಾಲಕರ ಸಂಘದವರು ಆಸ್ಪತ್ರೆಯಲ್ಲಿ ಕೇಳಿದ್ರೆ ಕಲಿಸಿಕೊಡ್ತಾರೆ.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ಬೋಟಲ್ಲಿ ಇರುವಾಗ ಗುಡುಗು ಬಂದ್ರೆ? — ಶನಿವಾರಸಂತೆ

ಉತ್ತರ: ಮೊದಲ ಗುಡುಗಿಗೇ ದಡಕ್ಕೆ ಬನ್ನಿ. ನೀರಿನ ಮೇಲೆ ಎತ್ತರ ಇರೋದು ನೀವೊಬ್ಬರೇ. ಒಂಟಿ ಮರದ ಕೆಳಗೆ ನಿಲ್ಲದೆ ಕಟ್ಟಡದೊಳಗೆ ಇಲ್ಲಾ ಕಾರೊಳಗೆ ಕೂತ್ಕೊಳ್ಳಿ. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಕಳೆಯೋ ತನಕ ವಾಪಸ್ ನೀರಿಗೆ ಹೋಗಬೇಡಿ.

ಪ್ರಶ್ನೆ: ನಂಗೆ 42 ವರ್ಷ. ಹೊಳೆ ಪಕ್ಕದ ಊರಲ್ಲೇ ಹುಟ್ಟಿದ್ದು, ಆದ್ರೆ ಈಜು ಬರಲ್ಲ, ಹೆಣ್ಣುಮಕ್ಕಳಿಗೆ ಆಗ ಯಾರೂ ಕಲಿಸ್ಲಿಲ್ಲ. ಮಕ್ಕಳು ಬೋಟ್ ಹತ್ತಿದ್ರೆ ನಾನು ದಡದಲ್ಲಿ ನಿಂತು ಕಣ್ಣು ಮುಚ್ಕೊಂಡಿರ್ತೀನಿ. ಈ ವಯಸ್ಸಲ್ಲಿ ಕಲಿಯೋಕಾಗತ್ತಾ? — ಗೋಣಿಕೊಪ್ಪಲು

ಉತ್ತರ: ಖಂಡಿತಾ ಆಗತ್ತೆ ಅಕ್ಕ. 60 ದಾಟಿದವರೂ ಕಲೀತಾರೆ. ಹೊಳೆಯಲ್ಲಿ, ಕೆರೆಯಲ್ಲಿ ಗಂಡ, ತಮ್ಮ ಹಿಡ್ಕೊಂಡು ಕಲಿಸ್ತೀವಿ ಅಂದ್ರೆ ಬೇಡ ಅನ್ನಿ. ಎದೆಮಟ್ಟ ನೀರಿರೋ, ತಳ ಕಾಣೋ ಪೂಲ್‌ಗೆ, ಹೆಂಗಸರ ಬ್ಯಾಚ್ ಇರೋ ಕಡೆ, ಕಲಿಸೋರ ಹತ್ರ ಹೋಗಿ. ಒಬ್ಬರೇ ಹೋಗೋಕೆ ಸಂಕೋಚ ಆದ್ರೆ ನಿಮ್ಮ ಹಾಗೇ ಇರೋ ನಾಲ್ಕು ಜನ ಗೆಳತಿಯರನ್ನ ಸೇರಿಸ್ಕೊಳ್ಳಿ, ಖಂಡಿತ ಸಿಗ್ತಾರೆ. ಮೊದಲ ದಿನವೇ ಕೈಕಾಲು ಬಡಿಯೋದು ಬೇಡ. ಅಂಚು ಹಿಡ್ಕೊಂಡು ಮುಖ ನೀರಲ್ಲಿ ಮುಳುಗಿಸಿ ಬಾಯಿಂದ ಗುಳ್ಳೆ ಬಿಡೋದು, ತಲೆ ಎತ್ತಿ ಉಸಿರು ತಗೊಳ್ಳೋದು, ಇದೊಂದೇ ಬೇಜಾರಾಗೋ ತನಕ ಮಾಡಿ, ಭಯ ಹೆಚ್ಚಾಗಿ ಕರಗೋದು ಇಲ್ಲೇ. ಆಮೇಲೆ ಬೆನ್ನ ಮೇಲೆ ತೇಲೋದು: ಕಿವಿ ನೀರಲ್ಲಿ ಮುಳುಗಲಿ, ಗಲ್ಲ ಮೇಲೆ, ಹೊಟ್ಟೆ ಮೇಲೆತ್ತಿ, ಕೈ ಅಗಲ ಚಾಚಿ, ಎದೆ ತುಂಬಾ ಗಾಳಿ ತಗೊಂಡು ನಿಧಾನ ಬಿಡಿ. ಕಾಲು ಸ್ವಲ್ಪ ಕೆಳಗೆ ಹೋದ್ರೆ ಹೋಗ್ಲಿ, ಮುಖ ಮೇಲಿದ್ರೆ ಆಯ್ತು. ಎರಡು ನಿಮಿಷ ಹೀಗೆ ತೇಲೋಕೆ ಬಂದ ದಿನ ಲೈಫ್ ಜಾಕೆಟ್ ಹಾಕ್ಕೊಂಡು ಅದೇ ಪೂಲಲ್ಲಿ ಅಂಚಿಂದ ನೀರಿಗೆ ಬಿದ್ದು ನೋಡಿ, ಜಾಕೆಟ್ ನಿಮ್ಮನ್ನ ಹೇಗೆ ಮೇಲೆತ್ತತ್ತೆ ಅಂತ ಮೈಗೆ ಗೊತ್ತಾಗ್ಲಿ. ಅಷ್ಟಾದ ಮೇಲೆ ಮಕ್ಕಳ ಜೊತೆ ಬೋಟ್ ಹತ್ತಿ, ನಡುವಿನ ಸೀಟಲ್ಲಿ ಕೂತ್ಕೊಳ್ಳಿ, ಕಣ್ಣು ತೆರೆದಿರ್ಲಿ. ಹೇಗಾಯ್ತು ಅಂತ ಬರೀರಿ, ಕಾಯ್ತಿರ್ತೀನಿ.